ಹಗೆಗೆ ಹಲವು ಹೆಸರು

ನಮ್ಮ ಅನುವಾದಕರ ಕೈಯಲ್ಲಿ ಅತಿಯಾಗಿ ದುಡಿದು ಬಳಲಿರುವ ಪದಗಳಲ್ಲಿ ‘ದ್ವೇಷ’ವೂ ಒಂದು. ಇಂಗ್ಲಿಷಿನಲ್ಲಿ ಹೇಟ್ರೆಡ್ ಬಂದರೂ ದ್ವೇಷ, ಮ್ಯಾಲಿಸ್ ಬಂದರೂ ದ್ವೇಷ. ಗ್ರಡ್ಜ್, ಸ್ಪೈಟ್, ರ‍್ಯಾಂಕರ್, ಮಲಿಗ್ನಿಟಿ ಯಾವುದು ಎದುರಾದರೂ ಅದೇ ಬಡ ಪದವನ್ನು ಹಿಡಿದು ನೊಗಕ್ಕೆ ಕಟ್ಟುತ್ತೇವೆ. ಸ್ವಲ್ಪ ಬಿರುಸು ಬೇಕೆನಿಸಿದರೆ ‘ತೀವ್ರ ದ್ವೇಷ’ ಎನ್ನುತ್ತೇವೆ. ಇನ್ನೂ ಬೇಕಾದರೆ ‘ಕಡುದ್ವೇಷ’ ಇದ್ದೇ ಇದೆ. ಈ ಪದಗಳ ನಡುವೆ ಇರುವುದೆಲ್ಲ ಕಾವಿನ ಹೆಚ್ಚುಕಡಮೆ ಮಾತ್ರ, ಒಂದೇ ಒಲೆಯ ಉರಿಯನ್ನು ಏರಿಸಿ ಇಳಿಸಿದ ಹಾಗೆ, ಎಂಬ ನಂಬಿಕೆ ಈ ಪದ್ಧತಿಯ ಹಿಂದೆ ಇದ್ದಂತಿದೆ.

ನಂಬಿಕೆ ಸರಿಯಲ್ಲವೆಂದು ನನ್ನ ಎಣಿಕೆ. ಕಾವಿಗಿಂತ ಮುಖ್ಯವಾದ ಭೇದವೊಂದು ಇಲ್ಲಿದೆ. ಇವುಗಳಲ್ಲಿ ಕೆಲವು ಪದಗಳನ್ನು ಮನುಷ್ಯ ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ಕೆಲವನ್ನು ಎದುರಿಗಿರುವವನ ಮೇಲೆ ಹೊರಿಸುವುದಕ್ಕಷ್ಟೇ ಇಟ್ಟುಕೊಂಡಿರುತ್ತಾನೆ. ‘ಅವನ ಮೇಲೆ ನನಗೊಂದು ಗ್ರಡ್ಜ್ ಉಂಟು’ ಎಂದು ಇಂಗ್ಲಿಷಿನವನು ನಾಲ್ಕು ಜನರ ಮುಂದೆ ಹೇಳಬಲ್ಲ. ಕೇಳಿದವರು ‘ಹೌದೆ? ಅವನೇನು ಮಾಡಿದ?’ ಎಂದು ವಿಚಾರಿಸುತ್ತಾರೆ. ಆ ಪದದ ಹಿಂದೆ ಒಂದು ಕಥೆ ಇರಲೇಬೇಕು, ಒಂದು ಅನ್ಯಾಯ ನಡೆದಿರಲೇಬೇಕು. ಆದರೆ ‘ಅವನ ಮೇಲೆ ನನಗೆ ಮ್ಯಾಲಿಸ್ ಉಂಟು’ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಉತ್ತಮಪುರುಷದಲ್ಲಿ ಆ ಪದ ಬರುವುದು ಹೆಚ್ಚಾಗಿ ನಿಷೇಧರೂಪದಲ್ಲಿ: ‘ನನಗೆ ಅಂಥದೇನೂ ಇಲ್ಲಪ್ಪ’ ಎನ್ನುವಾಗ. ಇಬ್ಬರ ಜಗಳದಲ್ಲಿ ಯಾರು ಯಾವ ಪದ ಬಳಸಿದರೆಂದು ನೋಡಿದರೆ ತೀರ್ಪು ಯಾರ ಕಡೆ ವಾಲುತ್ತಿದೆಯೆಂದು ಗೊತ್ತಾಗುತ್ತದೆ. ಅಂಥ ಪದಗಳನ್ನೆಲ್ಲ ಒಂದೇ ಪದದಿಂದ ಕನ್ನಡಿಸಿದವನು ತನಗರಿವಿಲ್ಲದೆ ಒಂದು ಪಕ್ಷ ಹಿಡಿದಿರುತ್ತಾನೆ.

ಇದಕ್ಕೆ ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. 1600ರಲ್ಲಿ ಅಚ್ಚಾದ ಈ ನಾಟಕ ನಮ್ಮಲ್ಲಿ ಎಷ್ಟೋ ತಲೆಮಾರುಗಳಿಗೆ ಪಠ್ಯವಾಗಿತ್ತು. ಶೈಲಾಕನ ಕತ್ತಿಯನ್ನೂ ತಕ್ಕಡಿಯನ್ನೂ ಬಲ್ಲದ ವಿದ್ಯಾವಂತನಿಲ್ಲ. ಅವನು ಅಂಟೋನಿಯೊವನ್ನು ನಮ್ಮ ಮುಂದೆ ಮೊದಲ ಬಾರಿ ಕಂಡಾಗಲೇ ಒಂದು ಸ್ವಗತ ಆಡುತ್ತಾನೆ. ತನ್ನ ಒಳಗಿರುವುದಕ್ಕೆ ಅವನು ಕೊಡುವ ಹೆಸರು ಗ್ರಡ್ಜ್. ಅದೂ ಹಳೆಯ ಗ್ರಡ್ಜ್. ಅದಕ್ಕೆ ಕಾರಣಗಳನ್ನು ಹೇಳುತ್ತಾನೆ. ಎಲ್ಲ ಕಾರಣಗಳೂ ಗೌರವದವಲ್ಲ. ಅಂಟೋನಿಯೊ ಕ್ರೈಸ್ತನೆಂಬುದು ಒಂದು. ಬಡ್ಡಿಯಿಲ್ಲದೆ ಸಾಲ ಕೊಟ್ಟು ಪೇಟೆಯ ಬಡ್ಡಿಯ ದರವನ್ನೇ ಇಳಿಸುತ್ತಾನೆಂಬುದು ಅದಕ್ಕಿಂತ ದೊಡ್ಡದು. ಆದರೆ ಹತ್ತು ಜನರೆದುರಿಗೆ ತನ್ನನ್ನು ನಾಯಿಯೆಂದದ್ದು, ತನ್ನ ಗಡ್ಡದ ಮೇಲೆ ಉಗುಳಿದ್ದು, ಇವೂ ಆ ಲೆಕ್ಕದಲ್ಲಿವೆ. ಅಂಟೋನಿಯೊ ಅದನ್ನು ಅಲ್ಲಗಳೆಯುವುದಿಲ್ಲ. ಮುಂದೆಯೂ ಹಾಗೆಯೇ ಉಗುಳುವೆನೆಂದು ಸಾಲ ಕೇಳಲು ಬಂದ ಹೊತ್ತಿನಲ್ಲೇ ಹೇಳುತ್ತಾನೆ.

ನಾಲ್ಕನೆಯ ಅಂಕದ ನ್ಯಾಯಸಭೆಗೆ ಬರೋಣ. ಅಲ್ಲಿ ಗ್ರಡ್ಜ್ ಎಂಬ ಪದ ಯಾರ ಬಾಯಲ್ಲೂ ಇಲ್ಲ. ಡ್ಯೂಕ್ ಶೈಲಾಕನ ನಡತೆಗೆ ಮ್ಯಾಲಿಸ್ ಎಂದು ಹೆಸರಿಡುತ್ತಾನೆ. ಬಸ್ಸಾನಿಯೊನದೂ ಅದೇ ಪದ. ಅಂಟೋನಿಯೊ, ಗ್ರೇಷಿಯಾನೊ ಇಬ್ಬರೂ ಎನ್ವಿ ಎನ್ನುತ್ತಾರೆ. ಶೈಲಾಕನಾದರೋ ತನಗೆ ಅಂಟೋನಿಯೊವಿನ ಮೇಲೆ ಇರುವುದು ನೆಲೆನಿಂತ ಹೇಟ್, ಒಂದು ಬಗೆಯ ಅಸಹ್ಯ ಎಂದು ಒಪ್ಪಿಕೊಳ್ಳುತ್ತಾನೆ. ಮ್ಯಾಲಿಸ್ ಎಂದು ಒಪ್ಪಿಕೊಳ್ಳುವುದಿಲ್ಲ. ಗ್ರಡ್ಜ್ ಎಂದರೆ ‘ಅವನಿಗೆ ಏನಾಗಿತ್ತು?’ ಎಂಬ ಪ್ರಶ್ನೆ ಏಳುತ್ತದೆ. ಮ್ಯಾಲಿಸ್ ಎಂದೊಡನೆ ಆ ಪ್ರಶ್ನೆ ಮುಚ್ಚಿಹೋಗಿ ‘ಅವನು ಏನು ಮಾಡಹೊರಟಿದ್ದಾನೆ?’ ಎಂಬುದೊಂದೇ ಉಳಿಯುತ್ತದೆ. ಸಭೆಗೆ ಬೇಕಾದದ್ದು ಇದೊಂದೇ. ಹಿಂದಿನ ಉಗುಳಿನ ವಿಚಾರಣೆ ಅಲ್ಲಿ ನಡೆಯಲೇ ಇಲ್ಲ. ಶೈಲಾಕ ಎದೆಯ ಮಾಂಸ ಕೇಳುತ್ತಿದ್ದಾನೆಂಬುದು ದಿಟ; ಅವನನ್ನು ಸಂತನೆನ್ನಲು ನಾನು ಹೊರಟಿಲ್ಲ. ಆದರೆ ಸ್ವಗತದ ಪದಕ್ಕೂ ಸಭೆಯ ಪದಕ್ಕೂ ‘ದ್ವೇಷ’ವೆಂದೇ ಬರೆದ ಕನ್ನಡ ಪ್ರತಿಯಲ್ಲಿ ಈ ಮಸಲತ್ತು ಕಾಣಿಸುವುದೇ ಇಲ್ಲ. ಓದುಗನೂ ಡ್ಯೂಕನ ಪಕ್ಕದ ಕುರ್ಚಿಯಲ್ಲೇ ಕುಳಿತುಬಿಡುತ್ತಾನೆ.

ಎನ್ವಿ ಎಂಬುದರಲ್ಲಿ ಇನ್ನೊಂದು ಗುಂಡಿಯಿದೆ. ಇಂದಿನ ನಿಘಂಟನ್ನು ನೋಡಿ ‘ಅಸೂಯೆ’ ಎಂದು ಬರೆದವನು ಅಲ್ಲಿ ಬೀಳುತ್ತಾನೆ. ದಿವಾಳಿಯೆದ್ದು ಸಾಯಲು ನಿಂತ ಅಂಟೋನಿಯೊವನ್ನು ಕಂಡು ಶೈಲಾಕ ಅಸೂಯೆ ಪಡುವುದೇನಿದೆ? ಷೇಕ್ಸ್‌ಪಿಯರನ ಕಾಲದಲ್ಲಿ ಆ ಪದಕ್ಕೆ ಕೇಡು ಬಯಸುವಿಕೆ, ವೈರ ಎಂಬ ಅಗಲವಾದ ಅರ್ಥವೂ ಇತ್ತು. ಅದರ ಲ್ಯಾಟಿನ್ ಮೂಲದಲ್ಲಿರುವುದು ಕಣ್ಣು: ಕೆಟ್ಟ ಕಣ್ಣಿನಿಂದ ನೋಡುವುದು. ನಮ್ಮಲ್ಲಿ ಎಳೆಗೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ ತಾಯಿಗೆ ಈ ವ್ಯುತ್ಪತ್ತಿಯನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಗ್ರಡ್ಜ್‌ಗೆ ಕನ್ನಡವೇನು? ಹಳೆಯ ಫ್ರೆಂಚಿನಿಂದ ಬಂದ ಈ ಪದದ ಮೊದಲ ಅರ್ಥ ಗೊಣಗುವುದು ಎಂದಷ್ಟೆ. ಗಟ್ಟಿಯಾಗಿ ಕೂಗಲು ಧೈರ್ಯವಿಲ್ಲದವನು ಗೊಣಗುತ್ತಾನೆ. ಗೊಣಗಿ ಗೊಣಗಿ ಅದನ್ನು ಒಳಗೆ ಕಾಪಾಡಿಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಗ್ರಡ್ಜನ್ನು ಹೊರುತ್ತಾರೆ, ಮಗುವಿನಂತೆ ಸಾಕುತ್ತಾರೆ. ನಾವು ಹಗೆಯನ್ನು ‘ಇಟ್ಟುಕೊಳ್ಳು’ತ್ತೇವೆ. ಧಾನ್ಯ ತುಂಬಿಡುವ ಹಗೇವಿಗೂ ಹಗೆಗೂ ನಂಟು ಕಲ್ಪಿಸುವುದು ಬೇಡ. ಆದರೂ ನೆಲದಡಿಯಲ್ಲಿ, ಮಳೆಗೆ ನೆನೆಯದಂತೆ, ಮುಂದಿನ ಬರಗಾಲಕ್ಕೆಂದು ಮುಚ್ಚಿಟ್ಟದ್ದನ್ನು ನೆನೆದಾಗ ನನಗೆ ಗ್ರಡ್ಜ್ ಎಂಬ ಪದವೇ ಕಣ್ಣ ಮುಂದೆ ಬರುತ್ತದೆ. ಶೈಲಾಕನ ಮಟ್ಟಿಗೆ ಮಾತ್ರ ‘ಸೇಡು’ ಎಂಬುದನ್ನೇ ನಾನು ಆರಿಸಿಕೊಂಡೇನು. ಸಾಲವನ್ನೂ ತೀರಿಸುತ್ತೇವೆ, ಸೇಡನ್ನೂ ತೀರಿಸುತ್ತೇವೆ. ಒಂದೇ ಕ್ರಿಯಾಪದ ಎರಡನ್ನೂ ನಡೆಸುತ್ತದೆ. ಬಡ್ಡಿ ವ್ಯಾಪಾರಿಯ ಬಾಯಿಗೆ ಇದಕ್ಕಿಂತ ಒಪ್ಪುವ ಮಾತನ್ನು ಯಾವ ಪಂಡಿತ ಕೂಡಿಸಿಕೊಟ್ಟಾನು?

ರ‍್ಯಾಂಕರ್ ಎಂಬುದರ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಎಣ್ಣೆ ತುಪ್ಪಗಳು ಕೆಟ್ಟು ಕಮಟು ವಾಸನೆ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿರುವ ಪದವೂ ಇದೂ ಒಂದೇ ಬೇರಿನವು. ಗ್ರಡ್ಜ್ ಬಹಳ ಕಾಲ ಮುಚ್ಚಿದ ಪಾತ್ರೆಯಲ್ಲಿದ್ದರೆ ರ‍್ಯಾಂಕರ್ ಆಗುತ್ತದೆ. ಆಗ ಅದು ಹೊತ್ತವನನ್ನೇ ಮೊದಲು ಕೆಡಿಸುತ್ತದೆ. ಡಂಕನ್ನನನ್ನು ಕೊಂದ ಮ್ಯಾಕ್‌ಬೆತ್ ತನ್ನ ನೆಮ್ಮದಿಯ ಪಾತ್ರೆಗೆ ತಾನೇ ಇದನ್ನು ಸುರಿದುಕೊಂಡೆನೆಂದು ಹಲುಬುವಾಗ ಷೇಕ್ಸ್‌ಪಿಯರ್ ಈ ಪದವನ್ನೇ ಅವನ ಬಾಯಲ್ಲಿ ಇಟ್ಟಿದ್ದಾನೆ. ಕನ್ನಡದಲ್ಲಿ ‘ನಂಜು’ ಇದಕ್ಕೆ ಬಹಳ ಹತ್ತಿರ. ಗಾಯ ನಂಜೇರಿತು ಎನ್ನುತ್ತೇವೆ. ಮನಸ್ಸೂ ಹಾಗೆಯೇ ಏರುತ್ತದೆ.

ಮ್ಯಾಲಿಸ್ ಮಾತ್ರ ಹಾಗೆ ಬಿಟ್ಟುಕೊಡುವ ಪದವಲ್ಲ. ಕೆಟ್ಟದ್ದು ಎಂಬರ್ಥದ ಲ್ಯಾಟಿನ್ ಮಾತಿನಿಂದ ಹುಟ್ಟಿ, ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಬೆಳೆದು, ಅಲ್ಲಿ ಒಂದು ಬಗೆಯ ಕಪ್ಪು ನಿಲುವಂಗಿ ತೊಟ್ಟುಕೊಂಡಿದೆ. ಆ ದೇಶದ ಹಳೆಯ ಕಾನೂನಿನಂತೆ ಕೊಲೆಯೆನಿಸಬೇಕಾದರೆ ಮುಂಚಿನಿಂದಲೇ ಮ್ಯಾಲಿಸ್ ಇರಬೇಕು. ಆದರೆ ಸಂಕಟ ನೋಡಲಾರದೆ ಕನಿಕರದಿಂದ ಕೊಂದವನಲ್ಲಿಯೂ ಕಾನೂನು ಅದನ್ನು ಕಾಣುತ್ತದೆ. ಕೊಲ್ಲುವ ಸಂಕಲ್ಪವಿದ್ದರೆ ಸಾಕು, ಎದೆಯಲ್ಲಿ ಹಗೆ ಇರಬೇಕಾಗಿಲ್ಲ. ಇಂಥ ಗೊಂದಲ ನಮ್ಮ ದೇಶಕ್ಕೆ ಬೇಡವೆಂದೋ ಏನೋ, 1860ರ ಭಾರತ ದಂಡ ಸಂಹಿತೆಯಲ್ಲಿ ಕೊಲೆಯ ಲಕ್ಷಣ ಹೇಳುವಾಗ ಆ ಪದವನ್ನು ತರದೆ ಉದ್ದೇಶ, ತಿಳಿವಳಿಕೆ ಎಂಬ ಎರಡು ಮಾತುಗಳಿಂದ ಕೆಲಸ ಸಾಗಿಸಿದರು. ಅಮೆರಿಕದಲ್ಲಿ ಇದು ಇನ್ನೂ ದೂರ ಹೋಗಿದೆ. 1964ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸಾರ್ವಜನಿಕ ಅಧಿಕಾರಿಗಳ ಮಾನನಷ್ಟದ ಮೊಕದ್ದಮೆಗಳಿಗೆ ಮ್ಯಾಲಿಸ್ ಸಿದ್ಧವಾಗಬೇಕೆಂದು ವಿಧಿಸಿ, ಸುಳ್ಳೆಂದು ತಿಳಿದೇ ಬರೆದದ್ದು ಅಥವಾ ನಿಜಸುಳ್ಳುಗಳ ಗೊಡವೆಯೇ ಇಲ್ಲದೆ ಬರೆದದ್ದು ಎಂದು ಅದರ ಅರ್ಥ ಕಟ್ಟಿತು. ಬರೆದವನ ಮನಸ್ಸಿನಲ್ಲಿ ಹಗೆಯಿತ್ತೆ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ.

ವಿಮರ್ಶೆ ಬರೆಯುವವರಿಗೆ ಈ ಪದದೊಡನೆ ಹಳೆಯ ನಂಟು. ಇಂಗ್ಲೆಂಡಿನಲ್ಲಿ ಒಬ್ಬನ ಪುಸ್ತಕವನ್ನು ಎಷ್ಟು ಕಟುವಾಗಿ ಹಳಿದರೂ ‘ನ್ಯಾಯವಾದ ಟೀಕೆ’ ಎಂಬ ರಕ್ಷಣೆಯನ್ನು ವಿಮರ್ಶಕ ಕೋರಬಹುದಾಗಿತ್ತು. ಮ್ಯಾಲಿಸ್‌ನಿಂದ ಬರೆದನೆಂದು ಸಿದ್ಧವಾದರೆ ಮಾತ್ರ ಆ ರಕ್ಷಣೆ ಕಳಚಿಹೋಗುತ್ತಿತ್ತು. 2013ರ ಕಾಯಿದೆ ಅದನ್ನು ತೆಗೆದು ‘ಪ್ರಾಮಾಣಿಕ ಅಭಿಪ್ರಾಯ’ವೆಂಬ ಹೊಸ ರಕ್ಷಣೆಯನ್ನು ಇಟ್ಟಿದೆ. ಈಗ ಕೇಳಬೇಕಾದದ್ದು ಆ ಅಭಿಪ್ರಾಯ ಅವನಿಗೆ ನಿಜವಾಗಿ ಇತ್ತೆ ಎಂಬುದು. ಬದಲಾವಣೆ ನನಗೆ ಒಪ್ಪಿಗೆ. ಸಾಹಿತ್ಯಲೋಕದಲ್ಲಿ ತನ್ನ ಪುಸ್ತಕವನ್ನು ಮೆಚ್ಚದವನೆಲ್ಲ ಹೊಟ್ಟೆಕಿಚ್ಚಿನವನೆಂದು ಭಾವಿಸುವ ಗ್ರಂಥಕರ್ತರು ಎಲ್ಲ ಕಾಲದಲ್ಲೂ ಇದ್ದಾರೆ. ಪುಸ್ತಕ ಚೆನ್ನಾಗಿಲ್ಲದಿರಬಹುದೆಂಬ ಸರಳವಾದ ಕಾರಣ ಅವರಿಗೆ ಹೊಳೆಯುವುದು ಕಡೆಯಲ್ಲಿ. ಇತ್ತ, ಗೆಳೆಯನ ಪುಸ್ತಕ ಬಂದಾಗ ನಿಜವಾಗಿಯೇ ಕರುಬಿ, ಕರುಬನ್ನು ‘ನಿಷ್ಪಕ್ಷಪಾತ’ವೆಂದು ಕರೆದುಕೊಳ್ಳುವ ವಿಮರ್ಶಕರೂ ಇಲ್ಲದೆ ಇಲ್ಲ.

ಮ್ಯಾಲಿಸ್ ಎಂಬುದರ ತಿರುಳು ಸಂಕಲ್ಪ, ಕೇಡು ಬಗೆಯುವ ಬುದ್ಧಿ. ಇದನ್ನು ಲಿಂಕನ್ ಬಲ್ಲ. ಅಮೆರಿಕದ ಅಂತರ್ಯುದ್ಧ ಮುಗಿಯುವ ಹಂತದಲ್ಲಿ, 1865ರ ಮಾರ್ಚ್ 4ರಂದು, ಎರಡನೆಯ ಬಾರಿ ಅಧ್ಯಕ್ಷನಾಗಿ ಅವನು ಮಾಡಿದ ಭಾಷಣ ಬಹು ಚಿಕ್ಕದು. ಯಾರ ವಿಷಯದಲ್ಲಿಯೂ ಇರಕೂಡದೆಂದು ಅವನು ಅಲ್ಲಿ ಕೇಳಿಕೊಂಡದ್ದು ಮ್ಯಾಲಿಸ್ ಅನ್ನು. ಹೇಟ್ರೆಡ್ ಎನ್ನಲಿಲ್ಲ, ಕೋಪವೆನ್ನಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧ ಅದು. ಮಗನನ್ನು ಕಳೆದುಕೊಂಡ ತಂದೆಗೆ ‘ಹಗೆ ಬಿಡು’ ಎಂದರೆ ಬಿಡಲು ಬಂದೀತೆ? ಎದೆಯೊಳಗಿನ ಕುದಿತ ಆಜ್ಞೆಗೆ ಮಣಿಯುವುದಲ್ಲ. ಆದರೆ ಕೇಡು ಮಾಡಲು ಹೊರಡಬೇಡ ಎಂದು ಕೇಳಬಹುದು, ಏಕೆಂದರೆ ಅದು ಬುದ್ಧಿಯ ಕೈಯಲ್ಲಿದೆ. ಆ ಮಾತನ್ನು ‘ಯಾರನ್ನೂ ದ್ವೇಷಿಸದೆ’ ಎಂದು ಕನ್ನಡಿಸಿದರೆ ಲಿಂಕನ್ ಆಗದ ಕೆಲಸವನ್ನು ಉಪದೇಶಿಸುವ ಸಾಧುವಾಗುತ್ತಾನೆ. ‘ಯಾರಿಗೂ ಕೇಡು ಬಗೆಯದೆ’ ಎಂದರೆ ಅವನು ರಾಜಕಾರಣಿಯಾಗಿಯೇ ಉಳಿಯುತ್ತಾನೆ. ಅವನ ದೊಡ್ಡತನವೂ ಉಳಿಯುತ್ತದೆ.

ಇದೇ ಮನೆತನದಲ್ಲಿ ಕುಳ್ಳಾಗಿ ಹುಟ್ಟಿದ್ದು ಸ್ಪೈಟ್. ‘ಕೀಳಾಗಿ ಕಾಣುವುದು’ ಎಂಬರ್ಥದ ಒಂದು ಉದ್ದನೆಯ ಪದದ ತಲೆ ಕತ್ತರಿಸಿ ಉಳಿದ ಮುಂಡ ಇದು. ಅದರ ಕೆಲಸಗಳೂ ಅಷ್ಟೇ ಸಣ್ಣವು. ಲಂಡನ್ನಿನಲ್ಲಿ ಒಂದೇ ಗೋಡೆಗೆ ಅಂಟಿಕೊಂಡಿದ್ದ ಎರಡು ಮನೆಗಳ ಜಗಳವೊಂದು 1893ರಲ್ಲಿ ನ್ಯಾಯಾಲಯಕ್ಕೆ ಹೋಗಿತ್ತು. ಒಂದು ಮನೆಯಲ್ಲಿ ಸಂಗೀತಪಾಠ. ಅದನ್ನು ಸಹಿಸದ ಪಕ್ಕದ ಮನೆಯಾತ ಪಾಠದ ಹೊತ್ತಿಗೆ ಸರಿಯಾಗಿ ಗೋಡೆ ಗುದ್ದುವುದು, ತಟ್ಟೆ ಬಡಿಯುವುದು, ಸಿಳ್ಳು ಹಾಕುವುದು, ಕಿರಿಚುವುದು. ನ್ಯಾಯಾಧೀಶರು ತಮ್ಮ ಪರಿಭಾಷೆಯಲ್ಲಿ ಇದನ್ನು ಮ್ಯಾಲಿಸ್ ಎಂದು ಕರೆದು ತಡೆಯಾಜ್ಞೆ ಕೊಟ್ಟರು. ಬೀದಿಯ ಜನ ಇದನ್ನು ಸ್ಪೈಟ್ ಎಂದಿರುತ್ತಾರೆ, ಬೀದಿಯ ಮಾತೇ ಹೆಚ್ಚು ಖಚಿತ. ತಟ್ಟೆ ಬಡಿಯುವವನಿಗೆ ಇದರಿಂದ ಲಾಭವಿಲ್ಲ. ಅವನ ಕಿವಿಯೂ ಕಿವುಡಾಗುತ್ತದೆ. ನೆರೆಯವನ ಎರಡು ಕಣ್ಣೂ ಹೋಗಲೆಂದು ತನ್ನದೊಂದು ಕಣ್ಣು ಹೋಗಲಿ ಎಂದು ದೇವರಲ್ಲಿ ವರ ಬೇಡಿದವನ ಕಥೆ ನಮ್ಮಲ್ಲಿದೆ. ಆ ಭಕ್ತನೇ ಸ್ಪೈಟ್‌ನ ಆರಾಧ್ಯಪುರುಷ. ಕನ್ನಡದಲ್ಲಿ ಇದಕ್ಕೆ ನಾಮಪದ ಹುಡುಕುತ್ತ ಕೂರುವುದಕ್ಕಿಂತ ‘ಅವನ ಹೊಟ್ಟೆ ಉರಿಸಬೇಕೆಂದೇ’ ಎಂಬ ಅಡುಗೆಮನೆಯ ಮಾತನ್ನು ತೆಗೆದುಕೊಂಡರೆ ಆಯಿತು. ‘ಛಲ’ವನ್ನು ಮಾತ್ರ ಇಲ್ಲಿಗೆ ಎಳೆಯಬಾರದು. ರನ್ನನ ದುರ್ಯೋಧನನಲ್ಲಿ ಹಗೆಯೂ ಇದೆ, ಮಾತ್ಸರ್ಯವೂ ಇದೆ. ಆದರೆ ಅವನನ್ನು ಎತ್ತಿ ನಿಲ್ಲಿಸಿರುವ ಛಲಕ್ಕೆ ಇಂಗ್ಲಿಷಿನಲ್ಲಿ ಪದವೇ ಇಲ್ಲ. ಕೊಡುವ ಭಾಷೆಯೆಲ್ಲ ಅವರದೇ ಎಂದು ಹೆದರಬೇಕಾಗಿಲ್ಲ.

ಕಡೆಗೆ ಇಯಾಗೊ. ಬಸವಪ್ಪಶಾಸ್ತ್ರಿಗಳು ಒಥೆಲೊವನ್ನು ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದ ಕಾಲದಿಂದಲೂ ನಮಗೆ ಪರಿಚಿತನಾದ ಈ ದುರಾತ್ಮ ತನ್ನ ಹೇಟ್ ಅನ್ನು ಮುಚ್ಚುವುದಿಲ್ಲ; ಕಾರಣಗಳನ್ನೂ ಧಾರಾಳವಾಗಿ ಕೊಡುತ್ತಾನೆ. ತನಗೆ ಬರಬೇಕಾದ ಪದವಿ ಕ್ಯಾಸಿಯೊಗೆ ಹೋಯಿತು. ಒಥೆಲೊ ತನ್ನ ಹೆಂಡತಿಯ ಬಳಿ ಹೋಗಿದ್ದನೆಂಬ ವದಂತಿಯಿದೆ. ಅದು ನಿಜವೋ ಅಲ್ಲವೋ, ನಿಜವೆಂದೇ ನಡೆದುಕೊಳ್ಳುತ್ತೇನೆ. ಇಷ್ಟು ಸಾಲದೆಂಬಂತೆ, ಕ್ಯಾಸಿಯೊನ ಮೇಲೂ ಅದೇ ಸಂಶಯ. ಇದು ಶೈಲಾಕನ ಲೆಕ್ಕಪುಸ್ತಕದಂತಿಲ್ಲ. ಅಲ್ಲಿ ಬಾಕಿ ಮೊದಲು ಇತ್ತು, ಹಗೆ ಆಮೇಲೆ ಬಂತು. ಇಲ್ಲಿ ಹಗೆ ಮೊದಲೇ ಸಿದ್ಧವಾಗಿದ್ದು, ಅದಕ್ಕೆ ಬಾಕಿ ಹುಡುಕಲಾಗುತ್ತಿದೆ. ಕೋಲ್‌ರಿಜ್ ಕವಿ ಇದನ್ನು ಗುರುತಿಸಿ, ಹೇತುವಿಲ್ಲದ್ದು ಹೇತುವನ್ನು ಬೇಟೆಯಾಡುತ್ತಿದೆ ಎಂಬರ್ಥದ ಟಿಪ್ಪಣಿ ಬರೆದ. ಆ ಟಿಪ್ಪಣಿಯಲ್ಲಿ ಅವನು ಆರಿಸಿದ ಪದ ಮಲಿಗ್ನಿಟಿ; ಮ್ಯಾಲಿಸ್ ಎಂದಿದ್ದರೆ ಮಾತು ಕೆಡುತ್ತಿತ್ತು. ಮ್ಯಾಲಿಸ್‌ಗೆ ಗುರಿ ಬೇಕು. ಮಲಿಗ್ನಿಟಿಯಾದರೋ ಹುಟ್ಟಿನಿಂದಲೇ ಕೆಟ್ಟದ್ದು. ಲ್ಯಾಟಿನ್ನಿನ ಮೂಲಾರ್ಥವೂ ಹಾಗೆಯೇ. ವೈದ್ಯರು ಮಾರಕ ಗಡ್ಡೆಯನ್ನು ಈ ಪದದಿಂದಲೇ ಕರೆಯುತ್ತಾರೆ. ಗಡ್ಡೆಗೆ ರೋಗಿಯ ಮೇಲೆ ಸಿಟ್ಟಿಲ್ಲ. ನಮ್ಮ ದಂಡ ಸಂಹಿತೆಯಲ್ಲಿಯೂ ಪ್ರಾಣಾಂತಕ ಸೋಂಕನ್ನು ಹರಡುವ ದುಷ್ಕೃತ್ಯದ ವಿಧಿಗೆ ಈ ಪದವೇ ಬಿದ್ದಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 272ನೆಯ ಪ್ರಕರಣದಲ್ಲಿಯೂ ಉಳಿದಿದೆ.

ಆದರೂ ಕೋಲ್‌ರಿಜ್ ಹೇಳಿದ್ದೇ ಕೊನೆಯ ಮಾತೆಂದು ನಾನು ಒಪ್ಪಲಾರೆ. ಐದನೆಯ ಅಂಕದಲ್ಲಿ, ಕತ್ತಲ ಬೀದಿಯಲ್ಲಿ, ಇಯಾಗೊ ಒಂದು ನಿಜ ನುಡಿದುಬಿಡುತ್ತಾನೆ: ಕ್ಯಾಸಿಯೊನ ದಿನದಿನದ ಬದುಕಿನಲ್ಲಿ ಒಂದು ಚೆಲುವಿದೆ, ಅದರ ಪಕ್ಕದಲ್ಲಿ ತನ್ನದು ಕುರೂಪವಾಗಿ ಕಾಣುತ್ತದೆ. ಪದವಿಯ ಮಾತಿಲ್ಲ, ಹೆಂಡತಿಯ ಮಾತಿಲ್ಲ. ಇದು ಇಂದಿನ ಅರ್ಥದ ಎನ್ವಿ, ಅಪ್ಪಟ ಕರುಬು. ಒಥೆಲೊವಿನದು ಜೆಲಸಿ: ತನ್ನದೆಂದುಕೊಂಡದ್ದು ಕೈಬಿಡುವುದೆಂಬ ಅಂಜಿಕೆ. ಇಯಾಗೊವಿನದು ಎನ್ವಿ: ತನ್ನದಲ್ಲದ್ದು ಇನ್ನೊಬ್ಬನಲ್ಲಿ ಇದೆಯೆಂಬ ಉರಿ. ಎರಡಕ್ಕೂ ‘ಹೊಟ್ಟೆಕಿಚ್ಚು’ ಎಂದು ಬರೆದ ಅನುವಾದದಲ್ಲಿ ಬೇಟೆಗಾರನೂ ಬೇಟೆಯೂ ಒಂದೇ ರೋಗದಿಂದ ನರಳುವಂತಾಗುತ್ತದೆ. ಒಥೆಲೊ ತನ್ನ ಕೊನೆಯ ಮಾತಿನಲ್ಲಿ, ನನ್ನ ಕಥೆ ಬರೆಯುವಾಗ ಮ್ಯಾಲಿಸ್‌ನಿಂದ ಬರೆಯಬೇಡಿರೆಂದು ಕೇಳಿಕೊಳ್ಳುತ್ತಾನೆ. ಮಲಿಗ್ನಂಟ್ ಎಂಬ ಪದವೂ ಅದೇ ಮಾತಿನಲ್ಲಿ ಬರುತ್ತದೆ, ಹಿಂದೆಂದೋ ಅಲೆಪ್ಪೊ ಪಟ್ಟಣದಲ್ಲಿ ತಾನು ಇರಿದ ಒಬ್ಬ ತುರುಕನಿಗೆ. ಅಲ್ಲಿಯೇ ಕೈಸೆರೆಯಾಗಿ ನಿಂತಿದ್ದ ಇಯಾಗೊವಿಗೆ ಅವನು ಆ ಎರಡು ಪದಗಳಲ್ಲಿ ಒಂದನ್ನೂ ಕೊಡಲಿಲ್ಲ.

ಹೆಸರಿನಲ್ಲಿಯೇ ಕೇಡುಬಯಕೆಯನ್ನು ಹೊತ್ತು ಷೇಕ್ಸ್‌ಪಿಯರನ ರಂಗಕ್ಕೆ ಬಂದವನು ಮಾಲ್ವೋಲಿಯೊ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ನ್ಯಾಯವಾದಿಗಳ ಮುಂದೆ ಆಡಿದ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಅವನು ಒಲಿವಿಯಾಳ ಮನೆಯ ಪಾರುಪತ್ಯಗಾರ. ಗರ್ವಿಷ್ಠ, ನಗುವಿನ ಶತ್ರು. ಅರ್ಧರಾತ್ರಿಯಲ್ಲಿ ಕುಡಿದು ಹಾಡುವವರನ್ನು ಗದರಿಸುತ್ತಾನೆ. ಅದು ಅವನ ಉದ್ಯೋಗ. ಮೊದಲ ನಾಲ್ಕು ಅಂಕಗಳಲ್ಲಿ ಅವನು ಯಾರಿಗೂ ಕೇಡು ಬಗೆದದ್ದನ್ನು ನಾನು ಕಾಣೆ. ಗದರಿಸಿಕೊಂಡವರು ಕಳ್ಳಕಾಗದ ಬರೆದು, ಹಳದಿ ಕಾಲುಚೀಲ ಹಾಕಿಸಿ, ಹುಚ್ಚನೆಂದು ಕತ್ತಲ ಕೋಣೆಗೆ ನೂಕಿ ನಗುತ್ತಾರೆ. ಗುಟ್ಟು ಬಯಲಾದಾಗ ಅವರಲ್ಲೊಬ್ಬನಾದ ಫೇಬಿಯನ್ ತಪ್ಪೊಪ್ಪಿಕೊಳ್ಳುವ ರೀತಿ ನೋಡತಕ್ಕದ್ದು. ತಾವು ಮಾಡಿದ್ದು ಮ್ಯಾಲಿಸ್ ಎಂದು ತಾನೇ ಹೇಳುತ್ತಾನೆ, ಆದರೆ ಆ ಪದದ ಹಿಂದೆ ಆಟವೆಂಬರ್ಥದ ಒಂದು ವಿಶೇಷಣ ಅಂಟಿಸಿ. ಎರಡು ಕಡೆಯ ತಪ್ಪನ್ನೂ ತೂಗಿ ನೋಡಿದರೆ ಇದು ನಗಬೇಕಾದ ವಿಷಯವೆಂದು ಸೇರಿಸುತ್ತಾನೆ. ಉತ್ತಮಪುರುಷದಲ್ಲಿ ಯಾರೂ ಒಪ್ಪದ ಪದವನ್ನು ಒಪ್ಪುವುದಕ್ಕೆ ಇರುವ ದಾರಿ ಇದೊಂದೇ. ಮಾಲ್ವೋಲಿಯೊ ನಗುವುದಿಲ್ಲ. ನಿಮ್ಮ ಇಡೀ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳುವೆನೆಂದು ಹೇಳಿ ಹೊರಟುಹೋಗುತ್ತಾನೆ. ಅವನಿಗೆ ಬಹಳ ಅನ್ಯಾಯವಾಗಿದೆಯೆಂದು ಒಲಿವಿಯಾ ಒಪ್ಪುತ್ತಾಳೆ. ಡ್ಯೂಕ್ ಅವನ ಬೆನ್ನ ಹಿಂದೆ ಜನರನ್ನು ಓಡಿಸಿ, ಸಮಾಧಾನ ಮಾಡಿ ಕರೆತನ್ನಿರೆನ್ನುತ್ತಾನೆ. ಹೋದವರು ಮರಳಿ ಬರುವ ಮೊದಲೇ ವಿದೂಷಕ ಹಾಡತೊಡಗುತ್ತಾನೆ, ನಾಟಕ ಮುಗಿಯುತ್ತದೆ.